ಗ್ರಂಥದ ಋಣ, ಬಾಯಿಯ ಋಣ

ಒಂದು ಕೋಷ್ಟಕದಿಂದ ಶುರು ಮಾಡುತ್ತೇನೆ. ನಮ್ಮ ಜಾನಪದ ಪಿಎಚ್.ಡಿ. ಪ್ರಬಂಧಗಳ ಕಟ್ಟಕಡೆಗೆ, ಗ್ರಂಥಋಣವೂ ಮುಗಿದ ಮೇಲೆ, ರಟ್ಟಿಗೆ ಅಂಟಿಕೊಂಡಂತೆ ಅದು ಇರುತ್ತದೆ. ಅದರ ಹೆಸರು 'ವಕ್ತೃಗಳ ವಿವರ'. ಕ್ರಮಸಂಖ್ಯೆ, ಹೆಸರು, ವಯಸ್ಸು, ಜಾತಿ, ಊರು, ವಿದ್ಯೆ. ನನ್ನ ಪ್ರಬಂಧದ ಕರಡಿಗೆ ನಾನೂ ಇಂಥದೊಂದು ಕೋಷ್ಟಕ ಬರೆದೆ. ಮೂರನೆಯ ಸಾಲಿನಲ್ಲಿ ನಮ್ಮಜ್ಜಿ. ಮದುವೆ ಚಪ್ಪರದ ಕೆಳಗೆ ಕೂತು ಬೆಳಗಿನ ಜಾವದ ತನಕ ಸೋಬಾನೆ ಹೇಳಿದವಳು. ನಾಟಿ ಗದ್ದೆಯಲ್ಲಿ ಅವಳು ಎತ್ತಿಕೊಟ್ಟ ಪದವನ್ನು ಇಪ್ಪತ್ತು ಹೆಂಗಸರು ಹಿಡಿಯುತ್ತಿದ್ದರು. ಅವಳ ಹೆಸರಿನ ಮುಂದೆ 'ವಿದ್ಯೆ' ಎಂಬ ಕಲಮಿನಲ್ಲಿ ನಾನು ಬರೆದದ್ದು ಒಂದೇ ಮಾತು: 'ಇಲ್ಲ'.

ಅಜ್ಜಿ ಪಕ್ಕದಲ್ಲೇ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದಳು. 'ನನ್ ಬಗ್ಗೆ ಏನ್ ಬರ್ದಿದ್ದೀಯ ಮಗ, ಓದು' ಅಂದಳು. ಹೆಸರು ಓದಿದೆ. ವಯಸ್ಸು ಓದಿದೆ. ಊರು ಓದಿದೆ. ಕೊನೆ ಕಲಂ ಓದೋಕೆ ನಾಲಗೆ ಏಳಲಿಲ್ಲ.

ಈ ಬರಹಕ್ಕೆ ಅದೇ ಕಾರಣ. ಕವಿತೆ ಬಂದರೆ ನಾವು ಅದರ ಲಯ ನೋಡುತ್ತೇವೆ, ಕಾದಂಬರಿ ಬಂದರೆ ಕಥೆ ಹೇಳುವವನು ಎಲ್ಲಿ ನಿಂತಿದ್ದಾನೆ ಅಂತ ಕೇಳುತ್ತೇವೆ. ಆದರೆ ವಿಶ್ವವಿದ್ಯಾಲಯದ ಪ್ರಬಂಧದ ಕಟ್ಟನ್ನು ಮಾತ್ರ ಯಾರೂ ವಿಮರ್ಶೆ ಮಾಡುವುದಿಲ್ಲ. ಅದು ಟೈಪು ಮಾಡುವವನ ಕೆಲಸ, ಬೈಂಡಿಂಗ್ ಅಂಗಡಿಯವನ ಕೆಲಸ ಅಂತ ಬಿಟ್ಟಿದ್ದೇವೆ. ಎಡಗಡೆ ಒಂದೂವರೆ ಇಂಚು ಅಂಚು, ಎರಡು ಸಾಲಿನ ನಡುವೆ ಅಂತರ, ಕಪ್ಪು ರೆಕ್ಸಿನ್ ಮೇಲೆ ಬಂಗಾರದ ಅಕ್ಷರ. ಇಷ್ಟೇ ರೂಪ ಅಂತ ನಂಬಿದ್ದೇವೆ. ಅದು ಸುಳ್ಳು. ಯಾರನ್ನು ಮೊದಲ ಅಧ್ಯಾಯಕ್ಕೆ ಕರೆಯಬೇಕು, ಯಾರನ್ನು ಅನುಬಂಧಕ್ಕೆ ಕಳಿಸಬೇಕು ಅಂತ ತೀರ್ಮಾನ ಮಾಡುವುದೇ ರೂಪ.

ಗ್ರಂಥಾಲಯದಲ್ಲಿ ಕೂತು ಇಂಥ ಪ್ರಬಂಧಗಳನ್ನು ಒಂದರ ಮೇಲೊಂದು ಓದಿದ್ದೇನೆ. ಬಹುಪಾಲಿನ ಮೈಕಟ್ಟು ಒಂದೇ ಅಚ್ಚಿನದು. ಮೊದಲ ಅಧ್ಯಾಯ ಪ್ರಸ್ತಾವನೆ. ಅಧ್ಯಯನದ ಉದ್ದೇಶ, ವ್ಯಾಪ್ತಿ, ವಿಧಾನ, ಈವರೆಗಿನ ಅಧ್ಯಯನಗಳ ಸಮೀಕ್ಷೆ. ಜಾನಪದ ಎಂದರೇನು? ವಿಲಿಯಂ ಥಾಮ್ಸ್ 1846ರಲ್ಲಿ ಫೋಕ್‌ಲೋರ್ ಎಂಬ ಪದ ತಂದ. ಆಮೇಲೆ ಹತ್ತು ವಿದ್ವಾಂಸರ ಹತ್ತು ವ್ಯಾಖ್ಯೆ. ಯಾವ ವ್ಯಾಖ್ಯೆಗೂ ಮುಂದಿನ ಅಧ್ಯಾಯಗಳಲ್ಲಿ ಕೆಲಸ ಇಲ್ಲ. ಎರಡನೆಯ ಅಧ್ಯಾಯ ಜಿಲ್ಲೆಯ ಭೌಗೋಳಿಕ ಮತ್ತು ಚಾರಿತ್ರಿಕ ಹಿನ್ನೆಲೆ. ಗೆಜೆಟಿಯರ್‌ನಿಂದ ಎತ್ತಿದ ಮಳೆಯ ಲೆಕ್ಕ, ನದಿಗಳ ಹೆಸರು, ಆಳಿದ ರಾಜರ ಪಟ್ಟಿ. ಮಳೆ ಎಷ್ಟು ಬಿತ್ತು ಅನ್ನೋದು ಅಲ್ಲಿದೆ. ಮಳೆ ಕೈಕೊಟ್ಟ ವರ್ಷ ಕೂಲಿ ಇಲ್ಲದೆ ಯಾರ ಒಲೆ ಉರಿಯಲಿಲ್ಲ ಅನ್ನೋದು ಇಲ್ಲ. ಹಾಡಿದವರು ಬಾಯಿ ತೆರೆಯುವ ಹೊತ್ತಿಗೆ ನೂರು ಪುಟ ದಾಟಿರುತ್ತದೆ. ಕೊನೆಗೆ ಉಪಸಂಹಾರ: ಮೊದಲ ಅಧ್ಯಾಯದಲ್ಲಿ ಹೀಗೆ ಹೇಳಲಾಗಿದೆ, ಎರಡನೆಯ ಅಧ್ಯಾಯದಲ್ಲಿ ಹೀಗೆ ಹೇಳಲಾಗಿದೆ. ಊಟ ಮುಗಿದ ಮೇಲೆ ಎಲೆ ಎಣಿಸಿದ ಹಾಗೆ.

ಇನ್ನು ಕೃತಜ್ಞತೆಯ ಪುಟ. ಅದನ್ನು ಓದುವಾಗ ನನಗೆ ಊಟದ ಪಂಕ್ತಿ ನೆನಪಾಗುತ್ತದೆ. ಮೊದಲ ಸಾಲಿನಲ್ಲಿ ದೇವರು, ಆಮೇಲೆ ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಕುಲಪತಿಗಳು. ಎಲ್ಲರೂ ಉಂಡು ಎದ್ದ ಮೇಲೆ ಅಪ್ಪ ಅವ್ವ. ಹಾಡು ಕೊಟ್ಟವರು ಅವರಿಗಿಂತಲೂ ಕೊನೆಗೆ, ಹೆಸರಿಲ್ಲದೆ, 'ಹಾಗೂ ಸಹಕರಿಸಿದ ಎಲ್ಲ ವಕ್ತೃಗಳಿಗೆ'. ಊರ ಹೊರಗೆ ಕೇರಿ, ಪ್ರಬಂಧದ ಹೊರಗೆ ಅನುಬಂಧ. ಈ ನಕ್ಷೆ ಬರೆದವರು ಯಾರೋ ಗೊತ್ತಿಲ್ಲ. ಅದರ ಮೇಲೆ ಮತ್ತೆ ಗೀಟು ಎಳೆದವರಲ್ಲಿ ನಾನೂ ಒಬ್ಬ.

ಪ್ರಬಂಧದ ಭಾಷೆಯೂ ಈ ಕಟ್ಟಿಗೆ ತಕ್ಕ ಹಾಗೇ ಇದೆ. ಅಲ್ಲಿ 'ನಾನು' ಅನ್ನುವ ಹಾಗಿಲ್ಲ. 'ಪ್ರಸ್ತುತ ಸಂಶೋಧಕನು ಕಂಡುಕೊಂಡಂತೆ' ಅನ್ನಬೇಕು. 'ಅಸ್ಪೃಶ್ಯತೆಯು ಆಚರಣೆಯಲ್ಲಿತ್ತು ಎಂಬುದು ಕಂಡುಬರುತ್ತದೆ.' ಯಾರ ಆಚರಣೆ? ಯಾರಿಗೆ ಕಂಡುಬರುತ್ತದೆ? 'ಬಾವಿಯ ನೀರು ನಿರಾಕರಿಸಲ್ಪಡುತ್ತಿತ್ತು.' ನಿರಾಕರಿಸಿದವನು ಎಲ್ಲಿ ಹೋದ? ಈ 'ಅಲ್ಪಡು' ಅನ್ನೋದು ಮಾಡಿದವನ ಹೆಸರನ್ನು ವಾಕ್ಯದಿಂದ ನುಣ್ಣಗೆ ಆಚೆ ದಾಟಿಸುತ್ತದೆ. ಕೊಡ ಹಿಡಿದು ಬಾವಿಕಟ್ಟೆಯ ಕೆಳಗೆ ನಿಂತವಳನ್ನು ಕೇಳಿ ನೋಡಿ, ಅವಳು ಅಲ್ಪಡು ಸೇರಿಸಿ ಮಾತಾಡುವುದಿಲ್ಲ. 'ಇಂಥೋರು ನೀರು ಬುಡ್ಲಿಲ್ಲ ಕಣಪ್ಪ' ಅನ್ನುತ್ತಾಳೆ. ಯಾರು ಮಾಡಿದ್ದು ಅನ್ನೋದು ಅವಳ ವಾಕ್ಯದಲ್ಲಿದೆ. ಹಾಗಾದರೆ ವ್ಯಾಕರಣ ಯಾರದು ಶುದ್ಧ?

ಇಷ್ಟು ಹೇಳಿದ ಕೂಡಲೇ ನಮ್ಮ ಕೆಲವು ಗೆಳೆಯರು ಚಪ್ಪಾಳೆ ತಟ್ಟುತ್ತಾರೆ. ಅಡಿಟಿಪ್ಪಣಿ, ಗ್ರಂಥಋಣ, ಅಧ್ಯಾಯ ವಿಭಜನೆ ಎಲ್ಲ ಪುರೋಹಿತಶಾಹಿಯ ಮಂತ್ರ, ಸುಟ್ಟು ಹಾಕೋಣ ಅನ್ನುತ್ತಾರೆ. ಈ ಮಾತು ನಾನು ಒಪ್ಪುವುದಿಲ್ಲ. ನಮ್ಮ ಹಿರಿಯರು ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡರು. ಸಾಹುಕಾರನ ಪುಸ್ತಕದಲ್ಲಿ ಏನಿದೆ ಅಂತ ಕೇಳುವ ಧೈರ್ಯ ಅವರಿಗೆ ಇರಲಿಲ್ಲ, ಕೇಳಿದರೂ ತೋರಿಸುವವರು ಇರಲಿಲ್ಲ. ಅಡಿಟಿಪ್ಪಣಿ ಅಂದರೆ ಪುಸ್ತಕ ತೆಗೆದು ತೋರಿಸು ಅನ್ನುವ ಹಕ್ಕು. ನೀನು ಹೇಳಿದ್ದು ಎಲ್ಲಿದೆ, ಯಾವ ಪುಟ, ಯಾವ ವರ್ಷ? ಎಂಥಾ ದೊಡ್ಡ ಪ್ರೊಫೆಸರನಾದರೂ ಉತ್ತರ ಕೊಡಬೇಕು. ಗ್ರಂಥಋಣ ಕೂಡ ಅಕಾರಾದಿಯಾಗಿ ನಡೆಯುತ್ತದೆ. ಅಲ್ಲಿ ಪಂಕ್ತಿ ಇಲ್ಲ. ಅ ಮೊದಲು, ಹ ಆಮೇಲೆ. ಕುಲಪತಿಯೂ ಅಷ್ಟೇ, ಕೂಲಿಯವನ ಮಗನೂ ಅಷ್ಟೇ. ಇಂಥ ಜಾಗವನ್ನು ಸುಡುವುದಲ್ಲ, ಅಲ್ಲಿಗೆ ನಮ್ಮವರನ್ನು ಕರಕೊಂಡು ಹೋಗಬೇಕು.

ಇದಕ್ಕೆ ನಮಗೆ ಪಾಠ ಹೇಳಿಕೊಟ್ಟವರು ಬಾಬಾಸಾಹೇಬರು. ಅವರ ಫೋಟೋಗೆ ಹಾರ ಹಾಕುತ್ತೇವೆ, ಅವರ ಪ್ರಬಂಧಗಳ ಕಟ್ಟನ್ನು ಮಾತ್ರ ಬಿಚ್ಚಿ ನೋಡುವುದಿಲ್ಲ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಗೋಲ್ಡನ್‌ವೈಸರ್ ಅವರ ಮಾನವಶಾಸ್ತ್ರದ ಸೆಮಿನಾರಿನಲ್ಲಿ, ಅವರು ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ. ಅದರಲ್ಲೂ ವ್ಯಾಖ್ಯೆಗಳಿವೆ. ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್. ಆದರೆ ಆರತಿ ಎತ್ತೋದಕ್ಕಲ್ಲ. ಒಬ್ಬೊಬ್ಬರನ್ನೂ ಸಾಕ್ಷಿಕಟ್ಟೆಗೆ ಹತ್ತಿಸಿ, ಪಾಟಿಸವಾಲು ಹಾಕಿ, ಇವರ ಮಾತಿನಲ್ಲಿ ಎಷ್ಟು ನಿಜ, ಎಲ್ಲಿ ತಪ್ಪಿದರು ಅಂತ ತೋರಿಸುತ್ತಾರೆ. ಹಾಗೆ ಜಾಗ ಮಾಡಿಕೊಂಡು, ಜಾತಿಯ ತಿರುಳು ಒಳಮದುವೆಯಲ್ಲಿದೆ ಎಂಬ ತಮ್ಮ ಮಾತಿಗೆ ಬರುತ್ತಾರೆ. ಸಾಹಿತ್ಯ ಸಮೀಕ್ಷೆ ಅಂದರೆ ಇದು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಡಿ.ಎಸ್‌ಸಿ. ಪದವಿಗೆ ಬರೆದ 'ದಿ ಪ್ರಾಬ್ಲಂ ಆಫ್ ದಿ ರುಪೀ' ನೋಡಿ. ಏಳು ಅಧ್ಯಾಯ. ಎರಡು ಲೋಹದ ನಾಣ್ಯ ಪದ್ಧತಿಯಿಂದ ಬೆಳ್ಳಿಯ ಪದ್ಧತಿಗೆ ಬಂದದ್ದು, ಬೆಳ್ಳಿಯ ಬೆಲೆ ಕದಲಿದ್ದು, ಅದರಿಂದಾದ ಕೇಡು, ಚಿನ್ನದ ಕಡೆಗೆ ಹೊರಟದ್ದು, ಚಿನ್ನದ ಪದ್ಧತಿಯ ಬದಲು ಚಿನ್ನದ ವಿನಿಮಯ ಪದ್ಧತಿ ಬಂದು ಕೂತದ್ದು, ಅದು ಎಷ್ಟು ಗಟ್ಟಿ ಎಂಬ ಪರೀಕ್ಷೆ, ಕೊನೆಗೆ ಚಿನ್ನದ ಪದ್ಧತಿಗೆ ಮರಳುವ ಮಾತು. ಪರಿವಿಡಿ ಓದಿದರೆ ಸಾಕು, ವಾದ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತದೆ ಅಂತ ಗೊತ್ತಾಗುತ್ತದೆ. ಒಂದು ಅಧ್ಯಾಯ ಕಿತ್ತರೆ ಮುಂದಿನದು ನಿಲ್ಲುವುದಿಲ್ಲ. ನಮ್ಮ ಪ್ರಬಂಧಗಳಲ್ಲಿ ಎರಡನೆಯ ಅಧ್ಯಾಯ ಕಿತ್ತು ನೋಡಿ. ಏನೂ ಆಗುವುದಿಲ್ಲ, ತೂಕ ಇಳಿಯುತ್ತದೆ ಅಷ್ಟೆ.

1922ರಲ್ಲಿ ಸಲ್ಲಿಸಿದ ಈ ಪ್ರಬಂಧವನ್ನು ತಿದ್ದಿ ಬರೆಯಿರಿ ಅಂತ ವಾಪಸು ಕೊಟ್ಟರು. ಬ್ರಿಟಿಷರ ನೀತಿಯ ಮೇಲಿನ ಟೀಕೆ ಪರೀಕ್ಷಕರಿಗೆ ಚುಚ್ಚಿತ್ತು ಅಂತ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಬಾಬಾಸಾಹೇಬರು ಬರವಣಿಗೆ ತಿದ್ದಿದರು, ತೀರ್ಮಾನ ತಿದ್ದಲಿಲ್ಲ. 1923ರಲ್ಲಿ ಪದವಿ ಬಂತು. ಅದೇ ವರ್ಷ ಪುಸ್ತಕವೂ ಬಂತು. ಅವರ ಪ್ರಾಧ್ಯಾಪಕ ಎಡ್ವಿನ್ ಕ್ಯಾನನ್ ಮುನ್ನುಡಿ ಬರೆದು, ಈತನ ವಾದಗಳಲ್ಲಿ ಹೆಚ್ಚಿನವನ್ನು ನಾನು ಒಪ್ಪುವುದಿಲ್ಲ ಅಂತ ಅಲ್ಲೇ ಹೇಳಿದರು. ಆದರೂ ಮುನ್ನುಡಿ ಬರೆದರು. ಮಾರ್ಗದರ್ಶಕರು ಒಪ್ಪದ ವಾಕ್ಯ ಪ್ರಬಂಧದಲ್ಲಿ ಉಳಿಯಬಾರದು ಅನ್ನುವ ನಮ್ಮ ಕಡೆಯವರು ಆ ಮುನ್ನುಡಿಯನ್ನು ಒಮ್ಮೆ ಓದಬೇಕು. ಆ ಪುಸ್ತಕವನ್ನು ಬಾಬಾಸಾಹೇಬರು ಅರ್ಪಿಸಿದ್ದು ತಂದೆ ತಾಯಿಯ ನೆನಪಿಗೆ. ಅಲ್ಲಿ ಅವರು ಪಂಕ್ತಿಯ ಮೊದಲ ಎಲೆಯಲ್ಲೇ ಕೂತಿದ್ದಾರೆ.

ರೂಪಕ್ಕೆ ದುಡ್ಡಿನ ಸಂಬಂಧವೂ ಇದೆ. ಕೊಲಂಬಿಯಾದಲ್ಲಿ ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಕೊಡಬೇಕೆಂಬ ನಿಯಮ ಇತ್ತು. ಪ್ರಾಂತ್ಯಗಳ ಹಣಕಾಸಿನ ಮೇಲೆ ಅವರು ಬರೆದ ಪ್ರಬಂಧ ಅಚ್ಚಾದದ್ದು 1925ರಲ್ಲಿ, ಪಿಎಚ್.ಡಿ. ಕೈಗೆ ಬಂದದ್ದು 1927ರಲ್ಲಿ. ಫೆಲೋಶಿಪ್ ಬರದ ತಿಂಗಳು ಟೈಪಿಂಗಿಗೂ ಬೈಂಡಿಂಗಿಗೂ ಸಾಲ ಮಾಡುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬಾಬಾಸಾಹೇಬರಿಗೆ ರೂಪಾಯಿಯ ಲೆಕ್ಕ ವರದಿಗಳಲ್ಲಿ ಸಿಕ್ಕಿತು. ಬರಹವೇ ಇಲ್ಲದ ಜನರ ಚರಿತ್ರೆಗೆ ಏನು ಮಾಡಬೇಕು? 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದ ಮುನ್ನುಡಿಯಲ್ಲಿ ಅವರು ಇದನ್ನೇ ಎತ್ತಿಕೊಂಡರು. ಸರಪಳಿಯ ಕೊಂಡಿ ಕಳಚಿದ ಕಡೆ ಸಂಶೋಧಕ ಕೈಕಟ್ಟಿ ಕೂರಬಾರದು, ಊಹೆಯಿಂದ ಕೊಂಡಿ ಬೆಸೆಯಬಹುದು, ಆದರೆ ಅದು ಊಹೆ ಅಂತ ಹೇಳಿಯೇ ಬೆಸೆಯಬೇಕು ಎಂಬುದು ಅಲ್ಲಿನ ನಿಲುವು. ನಮ್ಮಲ್ಲೂ ದಾರಿ ಇಲ್ಲದೆ ಇಲ್ಲ. ಕವಿ ಸಿದ್ಧಲಿಂಗಯ್ಯನವರು ಪಿಎಚ್.ಡಿ.ಗೆ ಆರಿಸಿಕೊಂಡದ್ದು ಗ್ರಾಮದೇವತೆಗಳನ್ನು. ಜನರ ದೇವರುಗಳ ಕಥೆಯನ್ನೇ 'ಅವತಾರಗಳು' ಪುಸ್ತಕದಲ್ಲಿ ನಗುತ್ತ ನಗಿಸುತ್ತ ಬರೆದರು. ದೇವರು ಜಗಳ ಆಡುವ, ಹಟ ಹಿಡಿಯುವ, ಭಕ್ತರ ಜೊತೆ ಚೌಕಾಸಿ ಮಾಡುವ ಆ ನಗು ನಮ್ಮ ಪ್ರಬಂಧಗಳ ಒಳಗೆ ಯಾಕೆ ಬರಬಾರದು ಅಂತ ನಾನು ಕೇಳುತ್ತೇನೆ. ನಕ್ಕರೆ ಸಂಶೋಧನೆ ಕೆಡುತ್ತದೆಯೇ?

ಈಗ ಮತ್ತೊಂದು ಕಾವಲುಗಾರ ಬಂದಿದ್ದಾನೆ, ಯಂತ್ರ. ಯುಜಿಸಿಯ 2018ರ ನಿಯಮದ ಪ್ರಕಾರ ಪ್ರಬಂಧದ ಸಾಮ್ಯ ಶೇ. 10ರ ಒಳಗಿದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಕದಿಯುವುದನ್ನು ತಡೆಯಲಿ, ಬೇಡ ಅನ್ನೋದಿಲ್ಲ. ಆದರೆ ಯಂತ್ರ ಹಿಡಿಯುವುದು ಬರಹದಿಂದ ಕದ್ದದ್ದನ್ನು. ಬಾಯಿಂದ ಕದ್ದದ್ದು ಅದಕ್ಕೆ ಕಾಣುವುದಿಲ್ಲ. ನಮ್ಮಜ್ಜಿಯ ಇಡೀ ರಾತ್ರಿಯ ಹಾಡನ್ನು ಹೆಸರಿಲ್ಲದೆ ಎತ್ತಿಕೊಂಡು ಬರೆದರೂ ಸಾಮ್ಯ ಸೊನ್ನೆ, ಪ್ರಬಂಧ ಪರಿಶುದ್ಧ.

ಇದಕ್ಕೆ ಮದ್ದು ಇದೆ. ಅಮೆರಿಕದ ಎಪಿಎ ಶೈಲಿಯ ಕೈಪಿಡಿ ಬಾಯಿಮಾತನ್ನು ಖಾಸಗಿ ಸಂಭಾಷಣೆ ಅಂತ ಕರೆದು ಗ್ರಂಥಋಣದಿಂದ ಹೊರಗೇ ಇಡುತ್ತಿತ್ತು. ಕೆನಡಾದ ಆದಿವಾಸಿ ಗ್ರಂಥಪಾಲಕಿ ಲೊರಿಸಿಯಾ ಮ್ಯಾಕ್‌ಲಿಯೊಡ್ ಇದನ್ನು ಒಪ್ಪಲಿಲ್ಲ. ಹಿರಿಯರ ಹೆಸರು, ಅವರ ಕುಲ, ನೆಲೆ, ಏನು ಹೇಳಿದರು, ಯಾವತ್ತು ಹೇಳಿದರು ಎಲ್ಲ ಸೇರಿಸಿ ಪುಸ್ತಕಕ್ಕೆ ಸಮನಾಗಿ ಉಲ್ಲೇಖಿಸುವ ನಮೂನೆಯನ್ನು 2021ರಲ್ಲಿ ಪ್ರಕಟಿಸಿದರು. ಅಷ್ಟು ದೂರದ ಹೆಣ್ಣುಮಗಳಿಗೆ ಹೊಳೆದದ್ದು ಅಜ್ಜಿಯ ಪಕ್ಕ ಕೂತ ನನಗೆ ಹೊಳೆಯಲಿಲ್ಲವಲ್ಲ ಅಂತ ನಾಚಿಕೆ ಆಯಿತು.

ಆದ್ದರಿಂದ ಪ್ರಬಂಧ ಬರೆಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ನನ್ನ ಮಾತು ಇಷ್ಟೆ. ನಿಮ್ಮ ಪ್ರಶ್ನೆಯನ್ನು ಮೊದಲ ಪುಟದಲ್ಲೇ ಕೇಳಿ. ವಾದಕ್ಕೆ ಬೇಕಾದಷ್ಟೇ ಮಳೆ, ಬೇಕಾದಷ್ಟೇ ರಾಜರು ಸಾಕು. ಅಧ್ಯಾಯದ ಹೆಸರು ಓದಿದವನಿಗೆ ವಾದದ ನಡಿಗೆ ತಿಳಿಯಲಿ. ಮಾಡಿದವನ ಹೆಸರು ವಾಕ್ಯದಲ್ಲಿರಲಿ. ಪುಸ್ತಕದಿಂದ ತಂದದ್ದಕ್ಕೆ ಪುಟಸಂಖ್ಯೆ ಕೊಡುವ ಹಾಗೇ, ಬಾಯಿಂದ ತಂದದ್ದಕ್ಕೆ ಊರು, ತಾರೀಕು, ಹೆಸರು ಅದೇ ಪುಟದ ಕೆಳಗೆ ಕೊಡಿ, ಹೆಸರು ಹಾಕಲು ಅವರ ಒಪ್ಪಿಗೆ ಕೇಳಿ. ಗ್ರಂಥಋಣದ ಅದೇ ಅಕಾರಾದಿಯಲ್ಲಿ ಅವರನ್ನೂ ಕೂರಿಸಿ. ಇನ್ನೊಂದು ಸಣ್ಣ ಮಾತು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪಾದ ಪ್ರಬಂಧ ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಚಿಹ್ನೆಗಳ ಕಲಸುಮೇಲೋಗರ. ಶೋಧಗಂಗಾಕ್ಕೆ ಏರಿಸಿದರೂ ಅದರೊಳಗಿನ ಕನ್ನಡ ಮಾತನ್ನು ಹುಡುಕಿದವರಿಗೆ ಅದು ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪು ಮಾಡಿಸಿ. ನಿಮ್ಮ ಕೇರಿಯ ಹೆಸರನ್ನು ನಾಳೆ ಯಾರಾದರೂ ಹುಡುಕಿದರೆ ಸಿಗಬೇಕು.

ಕೋಷ್ಟಕಕ್ಕೆ ಬರುತ್ತೇನೆ. 'ವಿದ್ಯೆ' ಕಲಂ ಹೊಡೆದು ಹಾಕಿದೆ. ಅದರ ಜಾಗದಲ್ಲಿ 'ಕಲಿತದ್ದು ಯಾರಲ್ಲಿ' ಅಂತ ಬರೆದೆ. ನೀಲಗಾರರು ದೀಕ್ಷೆ ಪಡೆದು, ತಂಬೂರಿ ಹಿಡಿದು, ಹಿರಿಯರ ಹಿಂದೆ ದನಿಗೂಡಿಸಿ ಮಂಟೇಸ್ವಾಮಿ ಕಾವ್ಯ ಕಲಿಯುತ್ತಾರೆ. ಅದು ಶಾಲೆ ಅಲ್ಲವಾದರೆ ಇನ್ಯಾವುದು ಶಾಲೆ? ಅಜ್ಜಿಯನ್ನೂ ಕೇಳಿದೆ. ತನ್ನ ಅತ್ತೆಯ ಹೆಸರು ಹೇಳಿದಳು. ಅತ್ತೆಗೆ ಕಲಿಸಿದ ಸೋದರತ್ತೆಯ ಹೆಸರು ಹೇಳಿದಳು. ಆಕೆಗಿಂತ ಹಿಂದಿನವಳು ಯಾವ ಊರಿಂದ ಬಂದ ಸೊಸೆ ಅಂತಲೂ ಹೇಳಿದಳು. ಕಲಂ ಸಾಲದೆ ಹಿಂಬದಿ ಪುಟಕ್ಕೆ ಹೋದೆ. ಈ ಸಲ ಎಲ್ಲವನ್ನೂ ಓದಿ ಹೇಳಿದೆ. ಅಜ್ಜಿ ಒಂದು ಹೆಸರು ತಿದ್ದಿದಳು.

ಕರಡು ಈಗ ಮಾರ್ಗದರ್ಶಕರ ಮೇಜಿನ ಮೇಲಿದೆ. ಅವರು ಇನ್ನೂ ಸಹಿ ಹಾಕಿಲ್ಲ.