ಕ್ರಿಯಾಪದಕ್ಕೂ ಮುಂಚೆ

ಮಿದುಳಿನಲ್ಲಿ ನನಗೆ ತುಂಬ ಹಿಡಿಸುವುದು ಅದರ ಅವಸರ. ವಾಕ್ಯ ಮುಗಿಯಲಿ ಎಂದು ಅದು ಕಾಯುವುದೇ ಇಲ್ಲ. ಮನೋಭಾಷಾವಿಜ್ಞಾನಿಗಳಾದ ಜೆರ್ರಿ ಆಲ್ಟ್‌ಮನ್ ಮತ್ತು ಯೂಕಿ ಕಮಿಡೆ 1999ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. ಕೇಳುಗರ ಮುಂದಿನ ಚಿತ್ರದಲ್ಲಿ ಒಬ್ಬ ಹುಡುಗ, ಕೇಕು, ಆಟಿಕೆಗಳು. ಅವರು ಕೇಳುವುದು ಇಂಗ್ಲಿಷ್ ವಾಕ್ಯ; ಅದರಲ್ಲಿ ಕ್ರಿಯಾಪದ ಕರ್ಮಕ್ಕಿಂತ ಮೊದಲು ಬರುತ್ತದಲ್ಲ. ತಿನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಕೇಕಿನ ಹೆಸರು ಬರುವ ಮೊದಲೇ ಕಣ್ಣು ಅತ್ತ ಹೊರಳಿತ್ತು! ಸರಿಸುವ ಮಾತಾದರೆ ಆ ಆತುರವಿಲ್ಲ, ಸರಿಸಲು ಆಟಿಕೆಯೂ ಆದೀತು.

ಕ್ರಿಯಾಪದ ಕೊನೆಗೆ ಬರುವ ಜಪಾನಿ ಭಾಷೆಯಲ್ಲಿ? ಅಲ್ಲಿ ವಿಭಕ್ತಿ ಪ್ರತ್ಯಯಗಳೇ ಸುಳಿವು ಕೊಡುತ್ತವೆ ಎಂದು ಇವರೇ ಮುಂದೆ 2003ರಲ್ಲಿ ತೋರಿಸಿದರು. ನಮ್ಮ ಕನ್ನಡದ ವಾಕ್ಯದ್ದೂ ಅದೇ ಜಾಡು. ‘ಅಜ್ಜಿ ಮೊಮ್ಮಗನಿಗೆ ಹೋಳಿಗೆಯನ್ನು...’ ಎಂದು ನಿಲ್ಲಿಸಿದರೆ ಸಾಕು, ನೀವಾಗಲೇ ಬಡಿಸಿಬಿಟ್ಟಿರುತ್ತೀರಿ.