ತುಟಿಯ ಗುಳ್ಳೆ, ತಡವಾಗುವ ಮುಲಾಮು

ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲಿ ಗುಂಪುಗುಂಪಾಗಿ ಏಳುವ ನೀರುಗುಳ್ಳೆಗಳಿಗೆ ನಮ್ಮ ಮನೆಗಳಲ್ಲಿ ಕೊಡುವ ಕಾರಣ ಒಂದೇ: ಉಷ್ಣ. ಎಳನೀರು, ಮಜ್ಜಿಗೆ, ಮೇಲೊಂದಿಷ್ಟು ತುಪ್ಪ. ಅದು ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಕೆಲಸ ಎಂದು ಬಲ್ಲವರು ಮೆಡಿಕಲ್ ಶಾಪಿನಿಂದ ಏಸೈಕ್ಲೋವಿರ್ ಟ್ಯೂಬು ತರುತ್ತಾರೆ. ತುಪ್ಪಕ್ಕಿಂತ ಇದು ಮೇಲು, ಅನುಮಾನವಿಲ್ಲ. ಆದರೆ ಈ ಮುಲಾಮನ್ನು ನಾವು ಬಳಸುವ ರೀತಿ ಅದರ ಅಲ್ಪ ಗುಣವನ್ನೂ ವ್ಯರ್ಥ ಮಾಡುತ್ತಿದೆ.

ಅಲ್ಪ ಎಂದದ್ದು ಮುಲಾಮಿಗೆ, ಔಷಧಕ್ಕಲ್ಲ. ಔಷಧವಾಗಿ ಏಸೈಕ್ಲೋವಿರ್ ಇಪ್ಪತ್ತನೆಯ ಶತಮಾನದ ದೊಡ್ಡ ಸಾಧನೆಗಳಲ್ಲಿ ಒಂದು. ವೈರಸ್ ನಮ್ಮ ಜೀವಕೋಶದೊಳಗೇ ಬಾಳುವುದರಿಂದ, ಅದನ್ನು ಹೊಡೆಯಲು ಹೋದರೆ ಜೀವಕೋಶಕ್ಕೂ ಪೆಟ್ಟು ಬೀಳುತ್ತದೆ ಎಂಬ ಭಯ ಬಹುಕಾಲ ಇತ್ತು. ಬರೋಸ್ ವೆಲ್ಕಮ್ ಕಂಪನಿಯಲ್ಲಿ ಗರ್ಟ್ರೂಡ್ ಎಲಿಯನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಈ ಅಣು ಸೋಂಕಿಲ್ಲದ ಜೀವಕೋಶದಲ್ಲಿ ಹೆಚ್ಚುಕಡಿಮೆ ತೆಪ್ಪಗಿರುತ್ತದೆ. ವೈರಸ್ ತನಗಾಗಿ ತಯಾರಿಸಿಕೊಂಡ ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಸಿಕ್ಕಾಗ ಮಾತ್ರ ಅದು ಎಚ್ಚೆತ್ತು, ವೈರಸ್ಸಿನ ಡಿಎನ್‌ಎ ಸರಪಳಿ ಮುಂದೆ ಬೆಳೆಯದಂತೆ ತಡೆಯುತ್ತದೆ. ಪಿಎಚ್‌.ಡಿ. ಓದಲು ಅನುಕೂಲವಾಗದ ಎಲಿಯನ್ 1988ರ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು.

ಇಂಥ ಅಣು ಮುಲಾಮಿನ ರೂಪದಲ್ಲಿ ಸೊರಗುತ್ತದೆ. ನೂರಕ್ಕೆ 5ರಷ್ಟು ಔಷಧವಿರುವ ಕ್ರೀಮು ಚರ್ಮದ ಆಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ದೊಡ್ಡ ಪ್ರಯೋಗಗಳಲ್ಲಿ ಅದು ಹುಣ್ಣಿನ ಅವಧಿಯನ್ನು ತಗ್ಗಿಸಿದ್ದು ಸುಮಾರು ಅರ್ಧ ದಿನ. ಅದೂ ಬೇಗ ಹಚ್ಚಿದವರಿಗೆ. ವೈರಸ್ ಭರದಿಂದ ಹೆಚ್ಚುವುದು ಮೊದಲ ಒಂದೆರಡು ದಿನ, ಅಂದರೆ ತುಟಿ ಚುರುಗುಟ್ಟಿ ಬಿಗಿದಂತಾಗಿ ಗುಳ್ಳೆ ಇನ್ನೂ ಮೂಡುವ ಹೊತ್ತಿನಲ್ಲಿ. ನಮ್ಮಲ್ಲಿ ಟ್ಯೂಬು ಕೊಳ್ಳುವುದು ಗುಳ್ಳೆ ಒಡೆದು ಹಕ್ಕಳೆ ಕಟ್ಟಿ, ಕಚೇರಿಯಲ್ಲಿ ನಾಲ್ಕು ಜನ ಕೇಳಿದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪದೇ ಪದೇ ಗುಳ್ಳೆ ಬರುವವರು ಟ್ಯೂಬನ್ನು ಮೊದಲೇ ತಂದಿಟ್ಟುಕೊಂಡು, ಚುರುಕ್ ಎಂದ ಕೂಡಲೇ ದಿನಕ್ಕೆ ಐದು ಸಲದಂತೆ ನಾಲ್ಕೈದು ದಿನ ಹಚ್ಚಬೇಕು. ನರದ ಗಂಟಿನಲ್ಲಿ ಮಲಗಿರುವ ವೈರಸ್ಸನ್ನು ಯಾವ ಮುಲಾಮೂ ಮುಟ್ಟುವುದಿಲ್ಲವಾದ್ದರಿಂದ ಗುಳ್ಳೆ ಮತ್ತೆ ಬಂದರೆ ಔಷಧ ಸೋತಿತೆಂದು ತಿಳಿಯಬೇಕಾಗಿಲ್ಲ.

ನನ್ನ ನಿಜವಾದ ಆತಂಕ ಬೇರೆ. ಅಂಗಡಿಯಲ್ಲಿ ‘ತುಟಿಗೆ ಏನಾದರೂ ಕೊಡಿ’ ಎಂದರೆ ಸ್ಟೀರಾಯ್ಡ್ ಬೆರೆತ ಚರ್ಮದ ಮುಲಾಮು ಕೈಗೆ ಬರಬಹುದು. ವೈರಸ್‌ನಿರೋಧಕದ ಜೊತೆಯಿಲ್ಲದ ಸ್ಟೀರಾಯ್ಡ್ ಉರಿಯನ್ನು ತಣಿಸಿ ಸೋಂಕನ್ನು ಬೆಳೆಯಲು ಬಿಡುತ್ತದೆ. ಟ್ಯೂಬಿನ ಮೇಲಿನ ಔಷಧದ ಹೆಸರನ್ನು ಓದದೆ ಹಣ ಕೊಡಬೇಡಿ. ಹಚ್ಚುವ ಮೊದಲು ಕೈ ತೊಳೆಯುವುದನ್ನು ಕೆಲವರಾದರೂ ಮಾಡುತ್ತಾರೆ, ಹಚ್ಚಿದ ಮೇಲೆ ತೊಳೆಯುವವರು ವಿರಳ. ಅದೇ ಬೆರಳು ಕಣ್ಣಿಗೆ ಹೋದರೆ ಕಾರ್ನಿಯಾದಲ್ಲಿ ಹುಣ್ಣಾಗಿ ದೃಷ್ಟಿಗೇ ಕುತ್ತು ಬರಬಹುದು. ಚರ್ಮಕ್ಕೆ ಮಾಡಿದ ಕ್ರೀಮನ್ನು ಕಣ್ಣಿಗಾಗಲಿ ಬಾಯೊಳಗಾಗಲಿ ಹಚ್ಚಕೂಡದು. ಕಣ್ಣು ಕೆಂಪಾಗಿ ಬೆಳಕು ಚುಚ್ಚಿದರೆ ಅಂದೇ ಕಣ್ಣಿನ ವೈದ್ಯರನ್ನು ಕಾಣಬೇಕು.

ಎಳೆಗೂಸಿನ ವಿಷಯದಲ್ಲಂತೂ ರಾಜಿ ಬೇಡ. ನಾಮಕರಣಕ್ಕೆ ಬಂದವರೆಲ್ಲ ಮಗುವಿಗೆ ಮುತ್ತಿಡುವುದು ನಮ್ಮ ಪ್ರೀತಿಯ ರೀತಿ. ತುಟಿಯಲ್ಲಿ ಗುಳ್ಳೆಯಿದ್ದವರು ದೂರ ನಿಲ್ಲಬೇಕು, ಅವರು ಅಜ್ಜಿಯೇ ಆಗಿರಲಿ. ಮುಲಾಮು ಹಚ್ಚಿಕೊಂಡಿದ್ದೇನೆ ಎಂಬುದು ಸಮಾಧಾನವಲ್ಲ, ಏಕೆಂದರೆ ಮುಲಾಮಿನಡಿಯೂ ವೈರಸ್ ಹರಡುತ್ತದೆ. ತಿಂಗಳು ತುಂಬದ ಕೂಸಿಗೆ ಈ ಸೋಂಕು ಮಿದುಳಿಗೂ ಯಕೃತ್ತಿಗೂ ಹಬ್ಬಿ ಪ್ರಾಣ ತೆಗೆಯಬಲ್ಲದು. ದೂರ ನಿಲ್ಲುವುದರಲ್ಲಿ ನಾಚಿಕೆಯೂ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 50 ವರ್ಷದೊಳಗಿನವರ ಪೈಕಿ ಸುಮಾರು ಮೂರನೇ ಎರಡು ಭಾಗ ಜನರಲ್ಲಿ ಈ ವೈರಸ್ ಇದೆ, ಬಹುಪಾಲು ಬಾಲ್ಯದಲ್ಲೇ ಬಂದದ್ದು.

ವರ್ಷಕ್ಕೆ ಹಲವು ಸಲ ಗುಳ್ಳೆ ಏಳುವವರು, ಹತ್ತು ದಿನವಾದರೂ ಮಾಯದವರು, ಕೀಮೋಥೆರಪಿಯಲ್ಲಿರುವವರು ಟ್ಯೂಬಿನ ಮೇಲೆ ಭಾರ ಹಾಕಬಾರದು. ಅವರಿಗೆ ಬೇಕಾದದ್ದು ವೈದ್ಯರು ಮೂತ್ರಪಿಂಡದ ಸ್ಥಿತಿ ನೋಡಿ ಬರೆದುಕೊಡುವ ವ್ಯಾಲಸೈಕ್ಲೋವಿರ್‌ನಂಥ ಮಾತ್ರೆ. ಅದು ರಕ್ತದ ಮೂಲಕ ಒಳಗಿನಿಂದಲೇ ಹುಣ್ಣಿನ ಜಾಗವನ್ನು ತಲುಪುತ್ತದೆ.