ಬಿಲ ಎಣಿಸಿದರೆ ಸಾಲದು

ಹೊಲದಿಲಿಗೆ ವಿಷದ ತಿಂಡಿ ಇಡುವ ಪ್ರಯೋಗದಲ್ಲಿ ಫಲಿತಾಂಶ ಅಳೆಯುವ ಕ್ರಮ ಸರಳ. ಸಂಜೆ ಬದುವಿನ ಬಿಲಗಳಿಗೆಲ್ಲ ಮಣ್ಣು ಮೆತ್ತುತ್ತಾರೆ. ಬೆಳಗ್ಗೆ ತೆರೆದಿದ್ದರೆ ಅಲ್ಲಿ ಇಲಿ ಇದೆ ಎಂದರ್ಥ. ಅವಕ್ಕೆ ವಿಷ ಇಟ್ಟು, ಕೆಲ ದಿನ ಬಿಟ್ಟು ಮತ್ತೆ ಮುಚ್ಚಿ ಎಣಿಸುತ್ತಾರೆ. ಈ ಕ್ರಮವನ್ನು ನಾನು ಮೆಚ್ಚುತ್ತೇನೆ. ಇಲಿಗಳು ಬಹುಪಾಲು ಬಿಲದೊಳಗೇ ಸಾಯುವುದರಿಂದ ಹೆಣ ಎಣಿಸಿದರೆ ಲೆಕ್ಕ ಸಿಗದು. ಆದರೆ ಒಂದೇ ಹೆಗ್ಗಣದ ಬಿಲಕ್ಕೆ ನಾಲ್ಕಾರು ಬಾಯಿಗಳಿರುತ್ತವೆ. ಬಾಯಿ ಮುಚ್ಚಿದ್ದು ಬೆಳೆ ಉಳಿದದ್ದಕ್ಕೆ ಸಾಕ್ಷಿಯಾಗದು.

ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಯ ಕೃಷ್ಣಾ ತೀರದ ಕಬ್ಬಿನಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಒಬ್ಬರ ಕಬ್ಬು ನವೆಂಬರಿನಲ್ಲೇ ಕಾರ್ಖಾನೆ ಸೇರಿದರೆ, ಪಕ್ಕದವರದು ಕಟಾವಿನ ಗ್ಯಾಂಗಿಗೆ ಕಾಯುತ್ತ ಫೆಬ್ರವರಿವರೆಗೂ ನಿಂತಿರುತ್ತದೆ. ಕಡಿದ ಹೊಲದ ಇಲಿ ನಿಂತ ಕಬ್ಬಿಗೆ ನುಗ್ಗುತ್ತದೆ. ಬುಡ ಕಡಿಸಿಕೊಂಡ ಜಲ್ಲೆ ಗಾಳಿಗೆ ಮಗುಚಿ, ಗಾಯದಿಂದ ಕೊಳೆಯುತ್ತದೆ. ಒಂದೆಕರೆಯ ತಾಕಿನಲ್ಲಿ ವಾರಕ್ಕೆ ಬರೆದುಕೊಂಡ ಯಶಸ್ಸು ಈ ವಲಸೆಯನ್ನು ಕಾಣುವುದೇ ಇಲ್ಲ. ನಿಪ್ಪಾಣಿ ಕಡೆಯ ಸೋಯಾ, ಶೇಂಗಾ ಹೊಲಗಳಿಗೂ ಈ ಮಾತು ಸಲ್ಲುತ್ತದೆ.

ಜಿಂಕ್ ಫಾಸ್ಫೈಡ್ ಎಂಬ ಇಲಿ ವಿಷವನ್ನು ಬಳಸುವ ಶಿಫಾರಸು ಹೀಗಿದೆ: ನುಚ್ಚು 96 ಭಾಗ, ಅಡುಗೆ ಎಣ್ಣೆ 2, ಔಷಧ 2. ಅದಕ್ಕೂ ಮೊದಲು ಎರಡು-ಮೂರು ದಿನ ವಿಷವಿಲ್ಲದ ನುಚ್ಚು ಹಾಕಿ ರುಚಿ ಹಿಡಿಸಬೇಕು. ಸಂಶೋಧಕರ ತಾಕಿನಲ್ಲಿ ಇದು ತಪ್ಪುವುದಿಲ್ಲ. ಕೂಲಿ ಆಳು ಸಿಗದ ರೈತ ಮೊದಲು ಕೈಬಿಡುವುದೇ ಇದನ್ನು. ಆಗ ಇಲಿ ಸ್ವಲ್ಪ ಕಚ್ಚಿ, ಹೊಟ್ಟೆ ಕೆಟ್ಟು, ಬದುಕಿಕೊಂಡು, ಮುಂದೆ ಆ ತಿಂಡಿಯನ್ನು ಮೂಸುವುದೂ ಇಲ್ಲ. ಹಾಗಾಗಿ ಪ್ರಯೋಗದ ಅಂಕಿಯಲ್ಲಿ ಔಷಧದ ಗುಣದಷ್ಟೇ ಪ್ರಯೋಗ ಮಾಡಿದವರ ಶಿಸ್ತೂ ಸೇರಿರುತ್ತದೆ. ಅದನ್ನು ಬಿಡಿಸಿ ಹೇಳದ ವರದಿ ರೈತರಿಗೆ ಅನ್ಯಾಯ ಮಾಡುತ್ತದೆ.

0.005 ಪ್ರತಿಶತದ ಬ್ರೊಮಾಡಿಯೋಲೋನ್ ಎಂಬ ಇನ್ನೊಂದು ವಿಷ ತಿಂಡಿಯ ಬಗ್ಗೆ ಇಲಿಗೆ ಇಂಥ ಸಂಶಯ ಹುಟ್ಟಿಸುವುದಿಲ್ಲ; ರಕ್ತ ಹೆಪ್ಪುಗಟ್ಟದೆ ಇಲಿ ಕೆಲ ದಿನಗಳ ಮೇಲೆ ಸಾಯುತ್ತದೆ. ಮನುಷ್ಯರ ಹೊಟ್ಟೆ ಸೇರಿದರೆ ವಿಟಮಿನ್ ಕೆ ಎಂಬ ಪ್ರತ್ಯೌಷಧವೂ ಇದೆ. ಜಿಂಕ್ ಫಾಸ್ಫೈಡಿಗೆ ಅದಿಲ್ಲ. ಅದು ಹೊಟ್ಟೆಯ ಆಮ್ಲ ತಗುಲಿದೊಡನೆ ಫಾಸ್ಫೀನ್ ಅನಿಲವಾಗುತ್ತದೆ. ಆದರೆ ಬ್ರೊಮಾಡಿಯೋಲೋನ್ ಇಲಿಯ ಯಕೃತ್ತಿನಲ್ಲಿ ಉಳಿದು, ಅದನ್ನು ತಿಂದ ಗೂಗೆಗೂ ದಾಟುತ್ತದೆ. ವರ್ಷವಿಡೀ ಪುಕ್ಕಟೆ ಇಲಿ ಹಿಡಿಯುವ ಗೂಗೆಯನ್ನೇ ಕೊಂದರೆ ರೈತನಿಗೆ ಉಳಿದದ್ದೇನು? ಪ್ರಯೋಗದ ಕೋಷ್ಟಕದಲ್ಲಿ ಗೂಗೆಗೂ ಒಂದು ಕಾಲಂ ಇರಲೇಬೇಕು.

ಈ ಭಾಗಕ್ಕೆ ಬೇಕಾದ ಪ್ರಯೋಗ ಒಂದು ಕಾಲುವೆಯ ಇಡೀ ಅಚ್ಚುಕಟ್ಟಿನಲ್ಲಿ, ಕಬ್ಬು ಒತ್ತಾಗುವ ಮೊದಲೇ, ಎಲ್ಲ ಹೊಲಗಳಲ್ಲಿ ಒಂದೇ ಹೊತ್ತಿಗೆ ನಡೆಯಬೇಕು. ಔಷಧ ಇಡದ ಇನ್ನೊಂದು ಕಾಲುವೆ ಹೋಲಿಕೆಗಿರಲಿ. ಕಟಾವಿನ ದಿನ ಎರಡೂ ಕಡೆ ಜಲ್ಲೆ ಆರಿಸಿ, ನೂರಕ್ಕೆ ಎಷ್ಟರ ಬುಡಕ್ಕೆ ಹಲ್ಲು ಬಿದ್ದಿದೆ ಎಂದು ರೈತರ ಎದುರಿಗೇ ಎಣಿಸಲಿ.